ಗಂಗೆಯನ್ನು ಆವಾಹಿಸಿದ ಮೇಲೆ: ಹೊಳೆದಂಡೆಯ ದೇವಸ್ಥಾನಗಳಿಗೆ ಒಂದು ಬಹಿರಂಗ ಪತ್ರ

ಶಾಲ್ಮಲಾ, ಬೇಡ್ತಿ, ಅಘನಾಶಿನಿ ಮತ್ತು ವರದಾ ನದಿಗಳ ದಂಡೆಯಲ್ಲಿರುವ ದೇವಸ್ಥಾನಗಳ ಮೊಕ್ತೇಸರರಿಗೆ, ಆಡಳಿತ ಮಂಡಳಿಗಳ ಸದಸ್ಯರಿಗೆ ಹಾಗೂ ತೀರ್ಥಸ್ನಾನದ ಸಂಕಲ್ಪ ಮಾಡಿಸುವ ವೈದಿಕರಿಗೆ,

ಮಾನ್ಯರೇ,

ಸಾದರ ಪ್ರಣಾಮಗಳು.

ನಾನು ಶಿರಸಿ ತಾಲೂಕಿನವಳು. ಶಾಲ್ಮಲೆಯ ದಂಡೆಗೆ ತಾಗಿದಂತೆ ನಮ್ಮ ಅಡಿಕೆ ತೋಟವಿದೆ. ಹುಟ್ಟಿದ್ದು ಪೌರೋಹಿತ್ಯದ ಮನೆಯಲ್ಲಿ. ತಂದೆಯವರು ಸುತ್ತಲಿನ ಊರುಗಳಿಗೆ ಶ್ರಾದ್ಧ, ಹೋಮ, ತೀರ್ಥಸ್ನಾನಗಳನ್ನು ಮಾಡಿಸುತ್ತಿದ್ದವರು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನದಿಸ್ನಾನದಲ್ಲಿ ನಂಬಿಕೆಯಿಲ್ಲದವಳೊಬ್ಬಳು ಪರಿಸರದ ಹೆಸರು ಹೇಳಿಕೊಂಡು ನಮ್ಮ ಆಚಾರಕ್ಕೆ ಅಡ್ಡಗಾಲು ಹಾಕಲು ಹೊರಟಿದ್ದಾಳೆ ಎಂದು ಈ ಪತ್ರವನ್ನು ಯಾರೂ ಬದಿಗಿಡಬಾರದು. ಸಂಕ್ರಮಣಕ್ಕೆ, ಗ್ರಹಣಕ್ಕೆ, ಮಾಘಮಾಸದಲ್ಲಿ ಹೊಳೆಯಲ್ಲಿ ಮುಳುಗಿ ಏಳುವುದರಿಂದ ಮನುಷ್ಯನ ಒಳಗಿನದೇನೋ ತೊಳೆದುಹೋಗುತ್ತದೆ ಎಂಬುದನ್ನು ನಾನು ನಂಬುತ್ತೇನೆ. ನಂಬುವುದರಿಂದಲೇ, ಸ್ನಾನಕ್ಕೆ ಬಂದವರು ಹೊಳೆಯಲ್ಲಿ ಬಟ್ಟೆ, ಕಸ ಬಿಟ್ಟುಹೋಗುವುದನ್ನು ತಾವು ತಡೆಯಬೇಕೆಂದು ಬರೆಯುತ್ತಿದ್ದೇನೆ.

ಇಂಥ ಅಹವಾಲನ್ನು ಸಾಮಾನ್ಯವಾಗಿ ಕಾರವಾರದ ಯಾವುದಾದರೂ ಕಚೇರಿಗೆ ಬರೆಯುವುದು ರೂಢಿ. ಅಲ್ಲಿಗೆ ಬರೆಯಬೇಕಾದದ್ದನ್ನು ಈ ಪತ್ರದ ಕೊನೆಯ ಭಾಗದಲ್ಲಿ ಬರೆದಿದ್ದೇನೆ. ಆದರೆ ನಾನು ಹೇಳಬೇಕಾದ ಮುಖ್ಯ ಮಾತನ್ನು ನಡೆಸಿಕೊಡುವ ಶಕ್ತಿ ಯಾವ ಅಧಿಕಾರಿಗೂ ಇಲ್ಲ, ಅದು ತಮಗಿದೆ. ಹೊಳೆಯ ಮೆಟ್ಟಿಲ ಮೇಲೆ ಒದ್ದೆ ಬಟ್ಟೆಯಲ್ಲಿ ಕೈಮುಗಿದು ನಿಂತ ಭಕ್ತ ಆ ಗಳಿಗೆಯಲ್ಲಿ ಕೇಳುವುದು ಭಟ್ಟರ ಮಾತನ್ನು ಮಾತ್ರ.

ಮೊದಲು, ಕಂಡದ್ದನ್ನು ಹೇಳುತ್ತೇನೆ. ಸ್ಥಳದ ಹೆಸರು ಬೇಡ. ಒಂದೇ ಊರನ್ನು ದೂರುವುದು ನನ್ನ ಉದ್ದೇಶವಲ್ಲ, ಮತ್ತು ಹೆಸರು ಬರೆದರೆ ಉಳಿದವರೆಲ್ಲ ಇದು ತಮ್ಮ ಪಾಲಿನ ಪತ್ರವಲ್ಲವೆಂದು ತಿಳಿಯುವ ಅಪಾಯವಿದೆ. ಪರ್ವದಿನದ ಮಾರನೆಯ ಬೆಳಗ್ಗೆ ನಮ್ಮೂರಿನ ಕೆಲವು ಹೆಂಗಸರು ಸ್ನಾನಘಟ್ಟದ ದಂಡೆಗೆ ಗೋಣಿಚೀಲ ಹಿಡಿದು ಹೋಗುತ್ತೇವೆ. ಮೆಟ್ಟಿಲ ಸಂದಿಗಳಲ್ಲಿ ಪಂಚೆ, ಸೀರೆ, ಒಳಉಡುಪು, ಮಕ್ಕಳ ಅಂಗಿಗಳು ಸುತ್ತಿಕೊಂಡು ಕಲ್ಲಿನೊಂದಿಗೆ ಒಂದಾಗಿರುತ್ತವೆ. ಎಳೆದರೆ ಬರುವುದಿಲ್ಲ, ಮರಳು ತುಂಬಿ ಭಾರವಾಗಿರುತ್ತವೆ, ಕತ್ತಿಯಿಂದ ಕೊಯ್ದು ತೆಗೆಯಬೇಕಾಗುತ್ತದೆ. ನೀರಿಗೆ ಬಾಗಿದ ಮರಗಳ ಬೇರುಗಳಲ್ಲಿಯೂ ಅದೇ. ಕರ್ಪೂರದ ಪೊಟ್ಟಣ, ಊದಿನಕಡ್ಡಿಯ ಹೊದಿಕೆ, ಕುಂಕುಮದ ಪ್ಲಾಸ್ಟಿಕ್ ಪೊಟ್ಟಣ, ಶಾಂಪೂವಿನ ಸಣ್ಣ ಸ್ಯಾಶೆ, ಪಿಂಡಪ್ರದಾನಕ್ಕೆ ತಂದ ಥರ್ಮೋಕೋಲ್ ತಟ್ಟೆ, ಹಳೆಯ ದೇವರ ಪಟದ ಗಾಜು ಮತ್ತು ಚೌಕಟ್ಟು. ಗಾಜಿನ ಮಾತು ವಿಶೇಷವಾಗಿ ಹೇಳಬೇಕು, ಏಕೆಂದರೆ ಮನೆಯಲ್ಲಿ ಒಡೆದ ಪಟವನ್ನು ಇಟ್ಟುಕೊಳ್ಳಬಾರದೆಂದು ತಂದು ಬಿಡುವವರು ಅದೇ ನೀರಿನಲ್ಲಿ ಮರುದಿನ ಬರಿಗಾಲಿನಲ್ಲಿ ಇಳಿಯುವವರ ಬಗ್ಗೆ ಯೋಚಿಸುವುದಿಲ್ಲ.

ಇದೆಲ್ಲ ಹೆಚ್ಚಾಗಿ ನಡೆಯುವುದು ಯಾವ ಕಾಲದಲ್ಲಿ ಎಂಬುದನ್ನೂ ಗಮನಿಸಬೇಕು. ಮಕರ ಸಂಕ್ರಮಣ, ಮಾಘಸ್ನಾನ, ಮಹಾಶಿವರಾತ್ರಿ, ಮೂರೂ ಜನವರಿಯಿಂದ ಮಾರ್ಚ್ ಒಳಗೆ ಬರುತ್ತವೆ. ಘಟ್ಟದ ಮೇಲಿನ ನಮ್ಮ ಹೊಳೆಗಳು ಮಳೆಗಾಲದಲ್ಲಿ ಎಷ್ಟು ಉಕ್ಕುತ್ತವೆಯೋ ಬೇಸಿಗೆಗೆ ಅಷ್ಟೇ ಸೊರಗುತ್ತವೆ. ಶಿವರಾತ್ರಿಯ ಹೊತ್ತಿಗೆ ತೋಟಗಳಿಗೆ ನೀರೆತ್ತುವ ಪಂಪುಗಳೂ ಶುರುವಾಗಿರುತ್ತವೆ; ಹರಿವು ಒಂದು ಬದಿಗೆ ಸರಿದು, ಬಂಡೆಗಳ ನಡುವಿನ ಗುಂಡಿಗಳಲ್ಲಿ ನೀರು ನಿಂತಂತೆ ಇರುತ್ತದೆ. ಅಂದರೆ, ಹೊಳೆಗೆ ತನ್ನನ್ನು ತಾನು ತೊಳೆದುಕೊಳ್ಳುವ ಶಕ್ತಿ ಅತಿ ಕಡಿಮೆಯಿರುವ ತಿಂಗಳುಗಳಲ್ಲಿಯೇ ಅತಿ ಹೆಚ್ಚು ಜನ ಅದರಲ್ಲಿ ಮೀಯುತ್ತಾರೆ. ಹಿಂದೆಯೂ ಪರ್ವಗಳು ಇದೇ ತಿಂಗಳುಗಳಲ್ಲಿ ಬರುತ್ತಿದ್ದವು ನಿಜ. ಆದರೆ ಆಗ ಬರುತ್ತಿದ್ದವರು ಸುತ್ತಲಿನ ಊರವರು, ಉಡುತ್ತಿದ್ದದ್ದು ಹತ್ತಿಯ ಪಂಚೆ. ಹತ್ತಿಯ ಚೂರು ಅಕಸ್ಮಾತ್ ನೀರಿನಲ್ಲಿ ಉಳಿದರೂ ಕೊಳೆತು ಮಣ್ಣಾಗುತ್ತಿತ್ತು. ಈಗಿನ ಪಾಲಿಯೆಸ್ಟರ್ ಸೀರೆ ಕೊಳೆಯುವ ವಸ್ತುವೇ ಅಲ್ಲ. ಅದು ಪ್ಲಾಸ್ಟಿಕ್ಕಿನ ನೂಲು, ಹರಿದು ಎಳೆಯೆಳೆಯಾಗುತ್ತದೆಯೇ ಹೊರತು ಕರಗುವುದಿಲ್ಲ.

ಹಾಗಾದರೆ ನಾವು ಕೊಯ್ದು ತೆಗೆಯಲಾಗದೆ ಉಳಿದದ್ದು ಎಲ್ಲಿಗೆ ಹೋಗುತ್ತದೆ? ಶಾಲ್ಮಲೆ ಮುಂದೆ ಬೇಡ್ತಿಯನ್ನು ಕೂಡುತ್ತಾಳೆ, ಬೇಡ್ತಿ ಘಟ್ಟ ಇಳಿದ ಮೇಲೆ ಗಂಗಾವಳಿ ಎನಿಸಿಕೊಂಡು ಅಂಕೋಲಾ ಸೀಮೆಯಲ್ಲಿ ಸಮುದ್ರ ಸೇರುತ್ತಾಳೆ. ಮೊದಲ ಮಳೆಗೆ ನಮ್ಮ ಮೆಟ್ಟಿಲುಗಳು ಚೊಕ್ಕಟವಾದವೆಂದು ನಾವು ಸಮಾಧಾನ ಪಡುವ ವೇಳೆಗೆ ಈ ಬಟ್ಟೆ, ಪ್ಲಾಸ್ಟಿಕ್ ಅಳಿವೆಯಲ್ಲಿ ಬಲೆ ಬೀಸುವವರ ಪಾಲಾಗುತ್ತವೆ. ಆ ಅಳಿವೆಯ ಬಳಿಯ ಗಂಗಾವಳಿ ಎಂಬ ಊರಿನಲ್ಲಿ ಇರುವುದು ಗಂಗಾಮಾತೆಯ ಗುಡಿ. ದೀಪಾವಳಿಯ ಹೊತ್ತಿಗೆ ಗೋಕರ್ಣದ ಮಹಾಬಲೇಶ್ವರನಿಗೂ ಗಂಗೆಗೂ ಮದುವೆ ಮಾಡಿಸುವ ಉತ್ಸವ ಇಂದಿಗೂ ನಡೆಯುತ್ತದೆ. ಘಟ್ಟದ ಮೇಲೆ ಪಾಪ ಕಳೆದುಕೊಳ್ಳಲು ನಾವು ಬಿಟ್ಟ ಮೈಲಿಗೆಯ ಬಟ್ಟೆ ಘಟ್ಟದ ಕೆಳಗೆ ಮದುಮಗಳ ಮಡಿಲಿಗೆ ಹೋಗಿ ಬೀಳುತ್ತಿದೆ ಎಂಬುದು ಅತಿಶಯದ ಮಾತಲ್ಲ, ಭೂಗೋಳದ ಮಾತು.

ಇನ್ನು ಶಾಸ್ತ್ರದ ವಿಚಾರಕ್ಕೆ ಬರುತ್ತೇನೆ. ತಮ್ಮೆದುರು ಶಾಸ್ತ್ರ ಹೇಳುವಷ್ಟು ಓದು ನನ್ನದಲ್ಲ, ಆದರೆ ತಂದೆಯವರ ಬಾಯಲ್ಲಿ ಕೇಳಿದ್ದು ಮರೆತಿಲ್ಲ. ಸ್ನಾನಕ್ಕೆ ಇಳಿಯುವ ಮುನ್ನ ತಾವು ಹೇಳಿಸುವ ಶ್ಲೋಕ ಎಲ್ಲರಿಗೂ ಗೊತ್ತಿರುವಂಥದ್ದು: ‘ಗಂಗೇ ಚ ಯಮುನೇ ಚೈವ ಗೋದಾವರಿ ಸರಸ್ವತಿ, ನರ್ಮದೇ ಸಿಂಧು ಕಾವೇರಿ ಜಲೇಽಸ್ಮಿನ್ ಸನ್ನಿಧಿಂ ಕುರು.’ ಏಳು ನದಿಗಳನ್ನು ಈ ನೀರಿಗೆ ಬನ್ನಿರೆಂದು ಕರೆಯುತ್ತೇವೆ. ಬಚ್ಚಲುಮನೆಯ ಕೊಡಪಾನದ ನೀರಿಗೂ ಇದೇ ಮಂತ್ರ, ಶಾಲ್ಮಲೆಗೂ ಇದೇ ಮಂತ್ರ. ಕಾಶಿಗೆ ಹೋಗಲಾಗದ ಸಾವಿರಾರು ಬಡವರು ತಲೆತಲಾಂತರದಿಂದ ತಮ್ಮೂರಿನ ಹೊಳೆಯಲ್ಲಿಯೇ ಗಂಗಾಸ್ನಾನ ಮಾಡಿ ಕೃತಾರ್ಥರಾದದ್ದು ಈ ಆವಾಹನೆಯ ಬಲದಿಂದ. ನಮ್ಮ ಪರಂಪರೆಯ ಅತ್ಯಂತ ಉದಾರವಾದ ಏರ್ಪಾಡುಗಳಲ್ಲಿ ಇದೂ ಒಂದೆಂದು ನನ್ನ ಭಾವನೆ.

ಆದರೆ ಗಂಗೆಯನ್ನು ಕರೆದ ಮೇಲೆ ಗಂಗೆಗೆ ಸಲ್ಲಬೇಕಾದ ಮರ್ಯಾದೆಯೂ ಜೊತೆಗೆ ಬರಬೇಕಲ್ಲವೇ? ‘ಗಂಗಾಂ ಪುಣ್ಯಜಲಾಂ ಪ್ರಾಪ್ಯ ತ್ರಯೋದಶ ವಿವರ್ಜಯೇತ್’ ಎಂದು ಆರಂಭವಾಗುವ ಶ್ಲೋಕಗಳು ಧರ್ಮಶಾಸ್ತ್ರದ ನಿಬಂಧಗಳಲ್ಲಿ ಉದ್ಧೃತವಾಗಿವೆ. ಪುಣ್ಯಜಲವಾದ ಗಂಗೆಯ ಬಳಿಗೆ ಹೋದಾಗ ಬಿಡಬೇಕಾದ ಹದಿಮೂರು ಕೆಲಸಗಳನ್ನು ಅವು ಹೆಸರಿಸುತ್ತವೆ. ಶೌಚ ಕೂಡದು. ನಿರ್ಮಾಲ್ಯವನ್ನು, ಅಂದರೆ ಪೂಜೆ ಮುಗಿದ ಹೂವನ್ನು ಹಾಕಕೂಡದು. ಮಲಘರ್ಷಣ ಕೂಡದು, ಮೈಯ ಕೊಳೆ ಉಜ್ಜುವುದನ್ನು ಬೇರೆಡೆ ಮುಗಿಸಿ ಬರಬೇಕು. ಮೈ ನೀವಿಸಿಕೊಳ್ಳುವುದು, ನೀರಾಟವಾಡುವುದು ಕೂಡದು. ಮತ್ತು ಅದೇ ಪಟ್ಟಿಯಲ್ಲಿ ಸ್ಪಷ್ಟವಾಗಿ ಇದೆ: ವಸ್ತ್ರತ್ಯಾಗ ಕೂಡದು. (ಪ್ರತಿಗ್ರಹ, ಎಂದರೆ ಅಲ್ಲಿ ನಿಂತು ದಾನ ಸ್ವೀಕರಿಸುವುದು ಕೂಡ ಆ ಪಟ್ಟಿಯಲ್ಲಿದೆ. ಪುರೋಹಿತರ ಮಗಳಾಗಿ ಅದರ ಬಗ್ಗೆ ನಾನು ಹೆಚ್ಚು ಮಾತಾಡುವುದಿಲ್ಲ.) ಅಂಗಡಿಯ ಸಾಬೂನು ನಮ್ಮ ಮನೆಗಳಿಗೆ ಬರುವುದಕ್ಕೆ, ಪಾಲಿಯೆಸ್ಟರ್ ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆ ಯಾರೋ ಹೊಳೆದಂಡೆಯಲ್ಲಿ ನಿಂತು ಜನರ ಸ್ವಭಾವವನ್ನು ನೋಡಿಯೇ ಇದನ್ನು ಬರೆದಿರಬೇಕು.

ಭಾನುವಾರದ ಸೂರ್ಯನಮಸ್ಕಾರಕ್ಕೆ, ರಥಸಪ್ತಮಿಗೆ ನಮ್ಮ ಮನೆಗಳಲ್ಲಿ ಪಾರಾಯಣವಾಗುವ ಅರುಣಪ್ರಶ್ನವೆಂಬ ವೇದಭಾಗದಲ್ಲಿಯೂ ‘ನಾಪ್ಸು ಮೂತ್ರಪುರೀಷಂ ಕುರ್ಯಾತ್, ನ ನಿಷ್ಠೀವೇತ್’ ಎಂದು ಬರುತ್ತದೆ. ನೀರಿನಲ್ಲಿ ಮಲಮೂತ್ರ ಮಾಡಬಾರದು, ಉಗುಳಬಾರದು. ಅದು ಒಂದು ವ್ರತವನ್ನು ಹಿಡಿದವನಿಗೆ ಹೇಳಿದ ನಿಯಮವೆಂದು ತಾವು ತಿದ್ದಬಹುದು. ಇರಲಿ, ತೀರ್ಥಸ್ನಾನದ ಸಂಕಲ್ಪ ಮಾಡಿದವನೂ ಆ ಹೊತ್ತಿನ ಮಟ್ಟಿಗೆ ವ್ರತಸ್ಥನೇ ಎಂದು ನಾನು ತಿಳಿದಿದ್ದೇನೆ.

ಬಟ್ಟೆಯ ವಿಚಾರವನ್ನು ಇನ್ನೂ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಹೆಚ್ಚಿನವರು ಅದನ್ನು ಬಿಟ್ಟುಹೋಗುವುದು ಉಡಾಫೆಯಿಂದಲ್ಲ, ಭಕ್ತಿಯಿಂದ. ಸಾವಿನ ಸೂತಕ ಕಳೆಯುವಾಗ, ಅಸ್ಥಿ ಬಿಟ್ಟ ಮೇಲೆ, ಗ್ರಹದೋಷಕ್ಕೆ ಪರಿಹಾರವೆಂದು ಯಾರೋ ಹೇಳಿದಾಗ, ಉಟ್ಟ ಬಟ್ಟೆಯೊಂದಿಗೆ ದೋಷವೂ ನೀರಿಗೆ ಹೋಗಲಿ ಎಂದು ಬಿಡುತ್ತಾರೆ. ಸಚೇಲ ಸ್ನಾನವೆಂಬುದು ನಮ್ಮಲ್ಲಿ ಇದೆ. ಉಟ್ಟ ಬಟ್ಟೆಯೊಂದಿಗೇ ಮುಳುಗಬೇಕೆಂಬ ವಿಧಿ ಅದು. ಆದರೆ ಮುಳುಗಿ ಎದ್ದ ಮೇಲೆ ಏನು ಮಾಡಬೇಕು ಎಂಬುದು ಸ್ನಾನಾಂಗ ತರ್ಪಣದ ಕೊನೆಯಲ್ಲಿದೆ. ‘ಯೇ ಕೇ ಚಾಸ್ಮತ್ಕುಲೇ ಜಾತಾ ಅಪುತ್ರಾ ಗೋತ್ರಿಣೋ ಮೃತಾಃ, ತೇ ಗೃಹ್ಣಂತು ಮಯಾ ದತ್ತಂ ವಸ್ತ್ರನಿಷ್ಪೀಡನೋದಕಮ್.’ ನಮ್ಮ ಕುಲದಲ್ಲಿ ಹುಟ್ಟಿ, ಮಕ್ಕಳಿಲ್ಲದೆ ತೀರಿಹೋದವರು ಯಾರಿದ್ದಾರೋ ಅವರು ನಾನು ಬಟ್ಟೆ ಹಿಂಡಿ ಕೊಡುವ ಈ ನೀರನ್ನು ಸ್ವೀಕರಿಸಲಿ. ತರ್ಪಣ ಮುಗಿಯುವ ಮೊದಲು ಆ ಬಟ್ಟೆಯನ್ನು ಹಿಂಡಲೂಬಾರದು. ಹಿಂಡಿದರೆ ಪಿತೃಗಳು ನಿರಾಶರಾಗಿ ಹಿಂದಿರುಗುತ್ತಾರೆ ಎಂದಿದೆ.

ಈ ವಿಧಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಹೆಸರು ಹಿಡಿದು ಕರೆದು ನೀರು ಕೊಡುವ ಮಕ್ಕಳಿಲ್ಲದವರು, ಎಲ್ಲ ತರ್ಪಣಗಳಿಂದಲೂ ಹೊರಗುಳಿದವರು, ಅವರಿಗೆಂದು ಬಟ್ಟೆಯಲ್ಲಿ ಉಳಿದ ನೀರನ್ನು ಮೀಸಲಿಟ್ಟಿದ್ದಾರೆ ನಮ್ಮ ಹಿರಿಯರು. ಹಾಗಿರುವಾಗ ಬಟ್ಟೆಯನ್ನೇ ಹೊಳೆಯಲ್ಲಿ ಬಿಟ್ಟು ಎದ್ದು ಬಂದವನು ಹಿಂಡುವುದು ಏನನ್ನು? ದಂಡೆಯ ನೆಲದ ಮೇಲೆ ಹಿಂಡಬೇಕಾದರೆ ಬಟ್ಟೆ ಕೈಯಲ್ಲಿರಬೇಕು. ದಯವಿಟ್ಟು ಇದನ್ನು ಭಕ್ತರಿಗೆ ಬಿಡಿಸಿ ಹೇಳಿ. ಬಟ್ಟೆಯನ್ನು ನೀರಿನಲ್ಲಿ ಬಿಟ್ಟರೆ ಪರಿಸರಕ್ಕೆ ಹಾನಿ ಎಂದರೆ ತಲೆಯಾಡಿಸಿ ಹೋಗುವವರು, ಬಿಟ್ಟರೆ ನಿಮ್ಮ ಮನೆಯ ಅಪುತ್ರರಾದ ಹಿರಿಯರಿಗೆ ಸಲ್ಲಬೇಕಾದ ನೀರು ತಪ್ಪುತ್ತದೆ ಎಂದರೆ ನಿಂತು ಕೇಳುತ್ತಾರೆ. ತಂದೆಯವರು ಹಾಗೆಯೇ ಹೇಳುತ್ತಿದ್ದರು. ಅವರ ಕಾಲದಲ್ಲಿ ಹೊಳೆಯಿಂದ ಬರುವ ಪ್ರತಿಯೊಬ್ಬನ ಹೆಗಲ ಮೇಲೂ ಹಿಂಡಿದ ಪಂಚೆ ಇರುತ್ತಿತ್ತು.

ಈ ಮಾತಿಗೆ ಬರುವ ಪ್ರತಿವಾದವೂ ನನಗೆ ಗೊತ್ತು. ಗಂಗೆ ಪತಿತಪಾವನೆ, ಜಗತ್ತಿನ ಪಾಪವನ್ನೆಲ್ಲ ತೊಳೆಯುವವಳಿಗೆ ನಾಲ್ಕು ಬಟ್ಟೆಯ ಚೂರು ಯಾವ ಲೆಕ್ಕ, ಅವಳಿಗೆ ಮೈಲಿಗೆ ಅಂಟುವುದುಂಟೇ ಎಂದು ವೈದಿಕರೊಬ್ಬರು ನನ್ನನ್ನೇ ಕೇಳಿದ್ದರು. ಅಂಟುವುದಿಲ್ಲವೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಹದಿಮೂರು ನಿಷೇಧಗಳನ್ನು ಹೇಳಿದವರು ಯಾರಿಗಾಗಿ ಹೇಳಿದರು? ನದಿಗೆ ಮೈಲಿಗೆಯಾಗದಿದ್ದರೂ ನದಿಯ ಎದುರು ಹಾಗೆ ನಡೆದುಕೊಂಡವನಿಗೆ ಆಗುತ್ತದೆ ಎಂಬುದೇ ಅದರ ಅರ್ಥವಿರಬೇಕು. ಅಲ್ಲದೆ ದೇವತೆಯಾಗಿ ಗಂಗೆ ಬೇರೆ, ಮಗುವಿನ ಬಾಯಿಗೆ ಹೋಗುವ ನೀರು ಬೇರೆ. ತೀರ್ಥವೆಂದು ಅಂಗೈಯಲ್ಲಿ ತೆಗೆದುಕೊಂಡು ಕುಡಿಯುವ ನೀರಿನಲ್ಲಿ ರೋಗಾಣು ಇದ್ದರೆ ಅದು ಭಕ್ತನ ಹೊಟ್ಟೆಯಲ್ಲಿ ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡದಂತೆ ಸ್ನಾನಯೋಗ್ಯ ನೀರಿನಲ್ಲಿ ಮಲಜನ್ಯ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳು 100 ಮಿಲಿಲೀಟರಿಗೆ 500ರ ಒಳಗಿರಬೇಕು, ಯಾವ ಕಾರಣಕ್ಕೂ 2,500 ದಾಟಬಾರದು. ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಇರಬೇಕು, ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ನೀರಿನಲ್ಲಿರುವ ಕೊಳೆ ಕೊಳೆಯುವಾಗ ಹೀರುವ ಆಮ್ಲಜನಕ, 3 ಮಿಲಿಗ್ರಾಂ ಮೀರಬಾರದು. ಇದು ಮೀಯುವ ನೀರಿಗೆ ಮಾತ್ರ ಇರುವ ಮಾನದಂಡ, ಕುಡಿಯುವ ನೀರಿನದಲ್ಲ. ಪರ್ವದಿನದ ಸಂಜೆ ನಮ್ಮ ಸ್ನಾನಘಟ್ಟಗಳ ನೀರು ಈ ಅಳತೆಯಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿಯುವ ಹಕ್ಕು ಅದನ್ನು ಕುಡಿಯುವವರಿಗೆ ಇದೆ.

ಪಟ್ಟಣಗಳ ಚರಂಡಿ ನೀರಿನ ಮುಂದೆ ಭಕ್ತರ ಕಸ ಎಷ್ಟರದು ಎಂದು ಕೇಳುವವರೂ ಇದ್ದಾರೆ. ಚರಂಡಿ ದೊಡ್ಡ ಸಂಗತಿಯೆಂದು ಒಪ್ಪುತ್ತೇನೆ. ಅದು ಬೇರೆಯವರಿಗೆ ಬರೆಯಬೇಕಾದ ಬೇರೆ ಪತ್ರ.

ಶಿರಸಿಯ ಬಳಿ ಶಾಲ್ಮಲೆಯ ಪಾತ್ರದಲ್ಲಿರುವ ಸಹಸ್ರಲಿಂಗದ ಬಗ್ಗೆ ಪ್ರತ್ಯೇಕವಾಗಿ ಎರಡು ಮಾತು. ಸೋದೆಯ ಅರಸ ಸದಾಶಿವರಾಯನ (1678–1718) ಕಾಲದ್ದೆಂದು ಹೇಳಲಾಗುವ ಆ ಲಿಂಗಗಳನ್ನು ನೆಲದ ಮೇಲಿನ ಗುಡಿಯಲ್ಲಿ ಸ್ಥಾಪಿಸಿಲ್ಲ. ಹೊಳೆಯ ಪಾತ್ರದ ಬಂಡೆಗಳಲ್ಲೇ ಕಡೆದಿದ್ದಾರೆ, ಎದುರಿಗೊಂದೊಂದು ನಂದಿಯನ್ನೂ ಕೂರಿಸಿದ್ದಾರೆ. ಮಳೆಗಾಲ ಪೂರ್ತಿ ಅವು ನೀರಿನೊಳಗಿರುತ್ತವೆ. ನದಿಯೇ ಅಭಿಷೇಕ ಮಾಡಲಿ ಎಂಬ ಉದ್ದೇಶದಿಂದ ರೂಪಿಸಿದ ಕ್ಷೇತ್ರವಿದು, ಅಲ್ಲಿ ಅರ್ಚಕರಿಗಿಂತ ಮೊದಲಿನ ಅಧಿಕಾರ ಹೊಳೆಯದು. ಶಿವರಾತ್ರಿಯ ದಿನ ಯಾರು ಬೇಕಾದರೂ ತಮ್ಮ ಕೈಯಾರೆ ಲಿಂಗಕ್ಕೆ ನೀರೆರೆದು ಪೂಜಿಸಬಹುದೆಂಬುದು ಅದರ ದೊಡ್ಡ ಗುಣ, ಅದು ಹಾಗೆಯೇ ಇರಬೇಕು. ಆದರೆ ನೀರು ಮತ್ತು ಬಿಲ್ವಪತ್ರೆಯಿಂದ ತೃಪ್ತನಾಗುವ ದೇವರಿಗೆ ಬಣ್ಣದ ಪುಡಿ, ಪೊಟ್ಟಣದ ಎಣ್ಣೆ, ಪ್ಯಾಕೆಟ್ಟಿನ ಹಾಲು ಸುರಿದು ಪ್ಯಾಕೆಟ್ಟನ್ನು ಬಂಡೆಯ ಬಿರುಕಿಗೆ ತುರುಕುವುದು ಯಾವ ಪೂಜೆ? ಒಂದು ಲಿಂಗದಿಂದ ಇನ್ನೊಂದಕ್ಕೆ ಹೋಗಲು ಮೂರನೆಯದರ ಮೇಲೆ ಕಾಲಿಡುವವರನ್ನು, ನಂದಿಯ ಬೆನ್ನ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವವರನ್ನು ಕಂಡವರು ತಮ್ಮಲ್ಲಿಯೂ ಇರಬಹುದು. ಶಾಲ್ಮಲೆಯ ದಂಡೆಯ ಕಾಡಿನ ಒಂದು ಭಾಗವನ್ನು 2012ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿದೆ. ಮರಗಳಿಗೆ ದೊರೆತ ರಕ್ಷಣೆ ನೀರಿಗೂ ಕಲ್ಲಿಗೂ ದೊರೆಯಬೇಕು.

ಹರಿಯುವ ಹೊಳೆಗೆ ಮಳೆಗಾಲವಾದರೂ ಇದೆ. ನಿಂತ ತೀರ್ಥಗಳ ಪಾಡು ಅದಕ್ಕಿಂತ ಕಷ್ಟದ್ದು. ಗೋಕರ್ಣಕ್ಕೆ ಹೋದವರು ಸಮುದ್ರಸ್ನಾನ ಮಾಡಿ, ಕೋಟಿತೀರ್ಥದಲ್ಲಿ ಮಿಂದು, ಗಣಪತಿಯನ್ನು ಕಂಡು, ಆತ್ಮಲಿಂಗದ ದರ್ಶನಕ್ಕೆ ಹೋಗುವುದು ಹಿಂದಿನಿಂದ ಬಂದ ಕ್ರಮ. ಕೋಟಿತೀರ್ಥದ ಮೆಟ್ಟಿಲುಗಳಲ್ಲಿಯೇ ಪಿತೃಕಾರ್ಯಗಳೂ ನಡೆಯುತ್ತವೆ. ಅಂಥ ಕೆರೆಗೆ ಬಿದ್ದ ಅನ್ನ, ಹೂವು, ಸಾಬೂನಿನ ನೊರೆ, ಬಟ್ಟೆ ಎಲ್ಲವೂ ಅಲ್ಲಿಯೇ ಕೊಳೆಯಬೇಕು, ಕೊಳೆಯುವಾಗ ನೀರಿನಲ್ಲಿರುವ ಪ್ರಾಣವಾಯುವನ್ನು ಹೀರಬೇಕು, ಮೀನು ಸಾಯಬೇಕು. ಸೋದೆಯ ಧವಳಗಂಗೆಯಂಥ ಕೊಳಗಳಿಗೂ, ಸಣ್ಣ ಊರುಗಳ ದೇವರ ಕೆರೆಗಳಿಗೂ ಅನ್ವಯಿಸುವ ಮಾತು ಇದು. ನಿಂತ ನೀರಿನಲ್ಲಿ ಪಿಂಡವನ್ನು ಬಿಡುವ ಬದಲು ಗೋವಿಗೆ ಕೊಡುವುದಕ್ಕೆ ಶಾಸ್ತ್ರದಲ್ಲಿ ಅವಕಾಶವಿದೆ ಎಂಬುದನ್ನು ತಾವೇ ಬಲ್ಲಿರಿ.

ಸರ್ಕಾರ ಸುಮ್ಮನೆ ಕುಳಿತಿದೆ ಎಂದು ನಾನು ಹೇಳುವುದಿಲ್ಲ. ಪುಣ್ಯಕ್ಷೇತ್ರಗಳ ನದಿ, ಕೆರೆ, ಕಲ್ಯಾಣಿಗಳಿಂದ 500 ಮೀಟರ್ ವ್ಯಾಪ್ತಿಯಲ್ಲಿ ಸಾಬೂನು, ಶಾಂಪೂ ಮಾರಾಟವನ್ನು ನಿಷೇಧಿಸುವಂತೆಯೂ, ಭಕ್ತರು ನೀರಿನಲ್ಲಿ ಬಟ್ಟೆ ಬಿಡದಂತೆ ನೋಡಿಕೊಳ್ಳುವಂತೆಯೂ 2025ರ ಮಾರ್ಚ್ ತಿಂಗಳಿನಲ್ಲಿ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆ ಅವರು ಅಧಿಕಾರಿಗಳಿಗೆ ಸೂಚಿಸಿದ್ದಾರೆ. ನೀರನ್ನು ಕೆಡಿಸುವುದರ ವಿರುದ್ಧ 1974ರಿಂದಲೇ ಕಾಯ್ದೆಯಿದೆ. ಆದರೆ ದೂರದ ಊರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಎದೆಯಲ್ಲಿ ತಂದೆಯ ಸಾವಿನ ದುಃಖವನ್ನೋ ಮಗುವಿನ ಕಾಯಿಲೆಯ ಭಯವನ್ನೋ ಹೊತ್ತು ನೀರಿಗಿಳಿದವರನ್ನು ದಂಡದ ಫಲಕ ತಡೆಯುವುದಿಲ್ಲ. ಅವರು ಬಂದದ್ದು ಶುದ್ಧಿಗಾಗಿ. ಶುದ್ಧಿಯ ದಾರಿ ಯಾವುದೆಂದು ಹೇಳುವ ಅಧಿಕಾರವನ್ನು ಅವರು ತಮ್ಮ ಕೈಗೆ ಕೊಟ್ಟಿದ್ದಾರೆ. ಅದಕ್ಕಾಗಿಯೇ ತಮ್ಮನ್ನು ಕೇಳಿಕೊಳ್ಳುತ್ತಿದ್ದೇನೆ.

ಮೊದಲನೆಯ ಮತ್ತು ಅತಿ ಮುಖ್ಯವಾದ ಬೇಡಿಕೆಗೆ ಒಂದು ಪೈಸೆಯ ಖರ್ಚೂ ಇಲ್ಲ. ಸಂಕಲ್ಪ ಹೇಳಿಸಿದ ಕೂಡಲೇ, ಭಕ್ತ ನೀರಿಗಿಳಿಯುವ ಮುನ್ನ, ಅವನಿಗೆ ತಿಳಿಯುವ ಕನ್ನಡದಲ್ಲಿ ಮೂರು ವಾಕ್ಯ ಹೇಳಿ: ಈ ನೀರಿಗೆ ಗಂಗೆಯನ್ನು ಕರೆದಿದ್ದೇವೆ; ಇಲ್ಲಿ ಸಾಬೂನು ಹಚ್ಚಬಾರದು, ಉಗುಳಬಾರದು, ಏನನ್ನೂ ಬಿಡಬಾರದು; ಎದ್ದು ಬಂದು ದಂಡೆಯ ಮೇಲೆ ಬಟ್ಟೆ ಹಿಂಡಿ, ಅದನ್ನು ನಿಮ್ಮ ಜೊತೆಗೇ ಕೊಂಡೊಯ್ಯಬೇಕು. ಪರಊರಿನ ಜೋಯಿಸರು ಬಟ್ಟೆ ಬಿಡಲೇಬೇಕೆಂದು ಹೇಳಿ ಕಳಿಸಿದ್ದರೆ, ಅದರ ಬದಲಿಗೆ ಅಗತ್ಯವಿರುವವರಿಗೆ ಹೊಸ ಬಟ್ಟೆಯ ದಾನವನ್ನು ಮಾಡಿಸಿ. ವಸ್ತ್ರದಾನದ ಪುಣ್ಯವನ್ನು ಅಲ್ಲಗಳೆಯುವ ಜೋಯಿಸರು ಇರಲಾರರು.

ಮೊಕ್ತೇಸರರಲ್ಲಿ ಕೇಳಿಕೊಳ್ಳುವುದು: ಸ್ನಾನಘಟ್ಟದಿಂದ ಸಾಕಷ್ಟು ದೂರದಲ್ಲಿ, ಮಳೆನೀರು ಕೊಚ್ಚಿ ಹೊಳೆಗೆ ತರದಂಥ ಜಾಗದಲ್ಲಿ, ಒಂದು ನಳ ಮತ್ತು ನಾಲ್ಕು ಬಚ್ಚಲುಗಳನ್ನು ಕಟ್ಟಿಸಿ. ಮೈಕೊಳೆ ತೊಳೆಯುವವರು ಅಲ್ಲಿ ತೊಳೆದು ಬರಲಿ. ಶೌಚಾಲಯದ ಗುಂಡಿ ಹೊಳೆಯ ಕಡೆಯ ಇಳಿಜಾರಿನಲ್ಲಿ ಇರಬಾರದು. ಇದ್ದರೆ ಅದನ್ನು ಸ್ಥಳಾಂತರಿಸುವವರೆಗೆ ಉಳಿದ ಜೀರ್ಣೋದ್ಧಾರದ ಕೆಲಸಗಳು ಕಾಯಬಹುದು. ಪೂಜಾಸಾಮಗ್ರಿ ಮಾರುವ ಅಂಗಡಿಯ ಹರಾಜಿನ ಷರತ್ತಿನಲ್ಲಿಯೇ ಪ್ಲಾಸ್ಟಿಕ್ ಪೊಟ್ಟಣ ಇರಕೂಡದೆಂದು ಬರೆಸಿ. ಕುಂಕುಮವನ್ನು ಎಲೆಯ ಮೇಲೆ, ಹೂವನ್ನು ಬಾಳೆಯ ಪಟ್ಟೆಯಲ್ಲಿ, ಪಿಂಡದ ಸಾಮಾನನ್ನು ಅಡಿಕೆ ಹಾಳೆಯ ತಟ್ಟೆಯಲ್ಲಿ ಕೊಡಬಹುದು. ಹಾಳೆ ತಟ್ಟೆ ಮಾಡುವ ಊರಿನಲ್ಲಿಯೇ ಥರ್ಮೋಕೋಲ್ ಮಾರುವುದು ನಮಗೇ ನಾಚಿಕೆಯ ಸಂಗತಿ. ನಿರ್ಮಾಲ್ಯಕ್ಕೆ ಒಂದು ಗೊಬ್ಬರದ ಗುಂಡಿ ಸಾಕು, ದೇವರ ಹೂವಿನ ಗೊಬ್ಬರವನ್ನು ಬೇಡವೆನ್ನುವ ತೋಟಿಗರು ನಮ್ಮಲ್ಲಿಲ್ಲ. ಒಡೆದ ಪಟಗಳನ್ನು ಸಂಗ್ರಹಿಸಲು ಬೇರೆ ಪೆಟ್ಟಿಗೆ ಇಡಿ. ಗಣಪತಿ ವಿಸರ್ಜನೆಯನ್ನು ಹೊಳೆಯ ಬದಲು ಪ್ರತ್ಯೇಕ ತೊಟ್ಟಿಯಲ್ಲಿ ಮಾಡುವುದು ಈಗಾಗಲೇ ಹಲವೆಡೆ ರೂಢಿಯಾಗಿದೆ, ಉಳಿದವರೂ ಅನುಸರಿಸಬೇಕು.

ಜಿಲ್ಲಾಡಳಿತದಲ್ಲಿ ನನ್ನ ವಿನಂತಿ ಎರಡೇ. 2025ರ ಸೂಚನೆ ನಮ್ಮ ಜಿಲ್ಲೆಯ ಯಾವ ಯಾವ ಸ್ನಾನಘಟ್ಟಗಳಿಗೆ ಅನ್ವಯಿಸುತ್ತದೆ, 500 ಮೀಟರಿನ ಗಡಿ ಎಲ್ಲಿಂದ ಎಲ್ಲಿಗೆ, ಅದನ್ನು ನೋಡಿಕೊಳ್ಳುವ ಹೊಣೆ ಪಂಚಾಯ್ತಿಯದೋ ದೇವಸ್ಥಾನದ್ದೋ ಎಂಬುದನ್ನು ಸ್ಥಳದ ಹೆಸರಿನೊಂದಿಗೆ ಲಿಖಿತವಾಗಿ ತಿಳಿಸಬೇಕು. ಇಲ್ಲವಾದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದರಲ್ಲಿ ವರ್ಷಗಳು ಕಳೆಯುತ್ತವೆ. ಹಾಗೆಯೇ ಶಿವರಾತ್ರಿಗೆ ಒಂದು ವಾರ ಮೊದಲು ಮತ್ತು ಶಿವರಾತ್ರಿಯ ಮಾರನೆಯ ದಿನ ಮುಖ್ಯ ಸ್ನಾನಘಟ್ಟಗಳ ನೀರನ್ನು ಪರೀಕ್ಷೆಗೆ ಕಳಿಸಿ, ಬಂದ ಅಂಕಿಗಳನ್ನು ದೇವಸ್ಥಾನದ ಫಲಕದಲ್ಲಿ, ಪಂಚಾಂಗ ಬರೆಯುವ ಜಾಗದ ಪಕ್ಕದಲ್ಲಿಯೇ ಹಾಕಿಸಬೇಕು.

ಇನ್ನೊಂದು ವಿಷಯವನ್ನು ಸ್ವಲ್ಪ ಸಂಕೋಚದಿಂದಲೇ ಬರೆಯುತ್ತೇನೆ. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಯೋಜನೆಯನ್ನು ವಿರೋಧಿಸಿ ಈ ಸೀಮೆಯ ಜನ ಒಂದಾಗಿ ನಿಂತಿದ್ದಾರೆ. ಅದಕ್ಕೂ ಹಿಂದೆ ಬೇಡ್ತಿ ಅಣೆಕಟ್ಟನ್ನು ನಿಲ್ಲಿಸಿದ್ದು ಕೂಡ ಈ ಸೀಮೆಯ ಜನರ ಹೋರಾಟವೇ. ಸ್ವರ್ಣವಲ್ಲೀ ಮಠದ ಸ್ವಾಮಿಗಳು ಮುಂದೆ ನಿಂತು ನದಿಗಳ ಪರವಾಗಿ ಮಾತಾಡುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಸಭೆಗಳಿಗೆ ನಾನೂ ಹೋಗಿದ್ದೇನೆ, ಮುಂದೆಯೂ ಹೋಗುತ್ತೇನೆ. ಆದರೆ ನದಿ ನಮ್ಮ ತಾಯಿ ಎಂದು ವೇದಿಕೆಯಲ್ಲಿ ಹೇಳುವಾಗ, ನಿಮ್ಮ ತಾಯಿಯ ಮಡಿಲಲ್ಲಿ ಬಿದ್ದಿರುವ ಇದೆಲ್ಲ ಯಾರದು ಎಂದು ಎದುರಿನವರು ಕೇಳಿದರೆ ನಮ್ಮ ಬಳಿ ಉತ್ತರವಿರಬೇಕು. ನದಿಯನ್ನು ತಿರುಗಿಸುವವರ ವಿರುದ್ಧ ನಮಗಿರುವ ನೈತಿಕ ಬಲ ಉಳಿಯುವುದು, ತಿರುಗಿಸದೆ ಉಳಿದ ನೀರನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ ಎಂಬುದರಿಂದ.

ಬರುವ ಶಿವರಾತ್ರಿಗೆ ಮುನ್ನ ತಮ್ಮ ತಮ್ಮ ಆಡಳಿತ ಮಂಡಳಿಯ ಸಭೆಯಲ್ಲಿ ಈ ಪತ್ರವನ್ನು ಓದಿಸಿ, ಆಗುವುದೆಷ್ಟು, ಆಗದ್ದು ಯಾಕೆ ಎಂಬುದನ್ನು ಠರಾವಿನಲ್ಲಿ ಬರೆಸಬೇಕೆಂದು ಕೋರುತ್ತೇನೆ. ಪರ್ವದಿನ ಮೆಟ್ಟಿಲ ಬಳಿ ನಿಂತು ಬಂದವರಿಗೆ ತಿಳಿಹೇಳಲು, ಬಿಟ್ಟುಹೋದ ಬಟ್ಟೆಯನ್ನು ಆಯ್ದು ಒಣಗಿಸಿ ಪಂಚಾಯ್ತಿಯ ಒಣಕಸದ ಘಟಕಕ್ಕೆ ಮುಟ್ಟಿಸಲು ನಮ್ಮೂರಿನ ಹೆಂಗಸರು ಸಿದ್ಧರಿದ್ದೇವೆ. ಸಂಭಾವನೆ ಬೇಡ, ದೇವಸ್ಥಾನದ ಹೆಸರಿರುವ ಒಂದು ಗುರುತಿನ ಪಟ್ಟಿ ಮತ್ತು ಮಧ್ಯಾಹ್ನದ ಪ್ರಸಾದ ಸಾಕು. ಯಾವ ದೇವಸ್ಥಾನದವರು ಮೊದಲು ಕರೆಯುತ್ತಾರೋ ಅಲ್ಲಿಗೆ ಈ ವರ್ಷ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,

ಶಾಲ್ಮಲೆಯ ದಂಡೆಯ ಒಬ್ಬ ಗೃಹಿಣಿ
ಶಿರಸಿ ತಾಲೂಕು, ಉತ್ತರ ಕನ್ನಡ